ಮೈವಾಸನೆ, ಗಾಳಿ, ಜಿಂಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನ ಕೃಷ್ಣಮೃಗಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದದ್ದಕ್ಕೆ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿವೆ: ಮನುಷ್ಯರ ವಾಸನೆ. ಫೋಟೊ ತೆಗೆಯುವವರಿಗೆ ಅದನ್ನು ಅಡಗಿಸಬೇಕು, ಹೊಲ ಕಾಯುವವರಿಗೆ ಅದನ್ನು ಹರಡಬೇಕು. ಎರಡೂ ಕಡೆಯವರನ್ನು ಇಲ್ಲಿ ಒಟ್ಟಿಗೆ ಕೂರಿಸಿದ್ದೇವೆ.

ಪ್ರಶ್ನೆ: ಮೈದನಹಳ್ಳಿಗೆ ಮೂರು ಸಲ ಕ್ಯಾಮೆರಾ ಹೊತ್ತು ಹೋದೆ. ಇನ್ನೂ ಇನ್ನೂರು ಮೀಟರ್ ದೂರ ಇರುವಾಗಲೇ ಹಿಂಡು ಎದ್ದು ಓಡುತ್ತದೆ. ಬಟ್ಟೆಗೆ ಸೆಂಟ್ ಕೂಡ ಹಾಕಿರಲಿಲ್ಲ. ನನ್ನ ಮೈವಾಸನೆ ಅಷ್ಟು ದೂರ ಹೋಗುತ್ತದೆಯೇ?
– ಮಧುಗಿರಿಯ ಕಾಲೇಜು ವಿದ್ಯಾರ್ಥಿ

ಹೋಗುತ್ತದೆ. ಬಯಲಲ್ಲಿ ಗಾಳಿ ಒಂದೇ ಸಮ ಬೀಸುತ್ತಿದ್ದರೆ ಕೆಲವು ನೂರು ಮೀಟರ್ ದೂರಕ್ಕೂ ಹೋಗುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಓಡಿಸಿದ್ದು ವಾಸನೆಯೋ ಕಣ್ಣೋ ಅನ್ನೋದನ್ನು ಮೊದಲು ತಿಳಿದುಕೊಳ್ಳಿ, ಯಾಕೆಂದರೆ ಎರಡಕ್ಕೂ ಮದ್ದು ಬೇರೆ. ಕೃಷ್ಣಮೃಗ ಬಯಲಿನ ಪ್ರಾಣಿ, ಅದರ ಮೊದಲ ಕಾವಲುಗಾರ ಕಣ್ಣು. ಕಾಡಿನ ಚುಕ್ಕೆ ಜಿಂಕೆಗಿರುವಷ್ಟು ಮೂಗಿನ ಅವಲಂಬನೆ ಇದಕ್ಕಿಲ್ಲ.

ಗುರುತು ಹಿಡಿಯುವುದು ಹೀಗೆ. ಕಣ್ಣಿಗೆ ಬಿದ್ದಿದ್ದರೆ ಪ್ರಾಣಿ ಮೇಯುವುದು ನಿಲ್ಲಿಸಿ, ಎರಡೂ ಕಿವಿ ಮುಂದಕ್ಕೆ ಮಾಡಿ, ನೇರ ನಿಮ್ಮನ್ನೇ ದಿಟ್ಟಿಸುತ್ತದೆ. ಸ್ವಲ್ಪ ಹೊತ್ತು ನೋಡುತ್ತದೆ, ತಲೆ ತಗ್ಗಿಸಿದ ಹಾಗೆ ಮಾಡಿ ಫಕ್ಕನೆ ಮತ್ತೆ ಎತ್ತುತ್ತದೆ. ಅನುಮಾನ ಗಟ್ಟಿಯಾದಾಗ ಒಂದು ಹೆಣ್ಣು ನೆಗೆಯುತ್ತದೆ, ಅದರ ಹಿಂದೆ ಇಡೀ ಹಿಂಡು ಚೆಂಡು ಪುಟಿದ ಹಾಗೆ ನೆಗೆದು ಓಟ ಕೀಳುತ್ತದೆ. ವಾಸನೆ ಬಡಿದಿದ್ದರೆ ಈ ದಿಟ್ಟಿಸುವ ಆಟ ಇರುವುದಿಲ್ಲ. ಮೂತಿ ಮೇಲೆತ್ತಿ ಗಾಳಿ ಬರುವ ಕಡೆಗೆ ತಿರುಗುತ್ತದೆ, ಮೂಗಿನ ಹೊಳ್ಳೆ ಅಗಲವಾಗುತ್ತವೆ, ನೀವು ಎಲ್ಲಿದ್ದೀರಿ ಅಂತ ಹುಡುಕುವ ಗೋಜಿಗೇ ಹೋಗದೆ ಜಾಗ ಬಿಡುತ್ತದೆ. ಕಂಡದ್ದನ್ನು ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳುವ ಪ್ರಾಣಿ, ಮೂಗಿಗೆ ಬಂದದ್ದನ್ನು ಪ್ರಶ್ನೆ ಮಾಡುವುದಿಲ್ಲ. ಇನ್ನೊಂದು ಸಲ ಹೋದಾಗ ಓಡುವ ಮೊದಲಿನ ಅರ್ಧ ನಿಮಿಷವನ್ನು ವಿಡಿಯೊ ಮಾಡಿಕೊಂಡು ಬಂದು ಮನೆಯಲ್ಲಿ ನೋಡಿ.

ವಾಸನೆಯೇ ಕಾರಣವಾದರೆ ಸೋಪು ಬದಲಾಯಿಸುವ ಮೊದಲು ನಿಲ್ಲುವ ಜಾಗ ಬದಲಾಯಿಸಿ. ಗಾಳಿ ಪ್ರಾಣಿಯ ಕಡೆಯಿಂದ ನಿಮ್ಮ ಮುಖಕ್ಕೆ ಬರಬೇಕು. ಇದು ಎಲ್ಲರಿಗೂ ಗೊತ್ತು. ಫೋಟೊ ತೆಗೆಯುವವರು ಎಡವುವುದು ಬಿಸಿಲಿನ ಲೆಕ್ಕದಲ್ಲಿ. ಬೆಳಕು ಬೆನ್ನಿಗಿರಲಿ ಅಂತ ಬೆಳಿಗ್ಗೆ ನೀವು ಪ್ರಾಣಿಯ ಪೂರ್ವಕ್ಕೆ ನಿಂತು ಪಶ್ಚಿಮಕ್ಕೆ ನೋಡುತ್ತೀರಿ. ಸಂಜೆ ಅದರ ತಿರುಗುಮುರುಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸೀಮೆಯಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ. ಆಗ ಬೆಳಿಗ್ಗೆ ಬಿಸಿಲು ಬೆನ್ನಿಗೆ, ಗಾಳಿ ಮುಖಕ್ಕೆ, ಎರಡೂ ಕೂಡಿ ಬರುತ್ತವೆ. ಅದೇ ತಿಂಗಳಲ್ಲಿ ಸಂಜೆ ಹೋದರೆ ಒಳ್ಳೆ ಬೆಳಕಿಗೆ ನಿಂತ ಜಾಗದಿಂದಲೇ ನಿಮ್ಮ ವಾಸನೆ ಸೀದಾ ಹಿಂಡಿಗೆ ಹೋಗುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಗಾಳಿ ತಿರುಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಆಗ ಸಂಜೆಯೇ ಒಳ್ಳೆಯದು. ನೀವು ಹೋದ ಮೂರು ಸಲವೂ ಯಾವ ತಿಂಗಳು, ಯಾವ ಹೊತ್ತು ಅಂತ ನೆನಪು ಮಾಡಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಕ್ಕೀತು.

ಬೇಸಿಗೆಯಲ್ಲಿ, ಮುಂಗಾರಿಗೆ ಮುಂಚೆ, ಗಾಳಿಗೆ ನಿಯತ್ತಿಲ್ಲ. ಆಗ ಎಕ್ಕದ ಅರಳೆ ಇಟ್ಟುಕೊಳ್ಳಿ. ಹೊಲದ ಬದುವಿನಲ್ಲಿ ಎಕ್ಕದ ಕಾಯಿ ಒಣಗಿ ಬಿರಿದಿರುತ್ತದಲ್ಲ, ಅದರೊಳಗಿನ ರೇಷ್ಮೆಯಂಥ ಎಳೆ. ಬೀಜ ಉದುರಿಸಿ, ಅರಳೆಯನ್ನಷ್ಟೇ ಒಂದು ಖಾಲಿ ಮಾತ್ರೆ ಡಬ್ಬಿಯಲ್ಲಿ ಸಡಿಲವಾಗಿ ತುಂಬಿ. ಹಸಿ ಕಾಯಿ ಮುರಿಯಬೇಡಿ, ಅದರ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆ ಪಾಲಾಗುತ್ತೀರಿ. ಒಂದೇ ಒಂದು ಎಳೆ ಬಿಟ್ಟು ನೋಡಿ. ಬೂದಿಯೋ ಸೀಮೆಸುಣ್ಣದ ಪುಡಿಯೋ ಉದುರಿಸಿದರೆ ಗಾಳಿ ನಿಮ್ಮ ಕೈ ಹತ್ತಿರ ಏನು ಮಾಡುತ್ತಿದೆ ಅಂತ ಮಾತ್ರ ತಿಳಿಯುತ್ತದೆ. ಅರಳೆ ಇಪ್ಪತ್ತು ಮೂವತ್ತು ಮೀಟರ್ ತೇಲುತ್ತದೆ, ಅಲ್ಲಿ ಒಂದು ಜಾಲಿ ಮರದ ಹತ್ತಿರ ಫಕ್ಕನೆ ಎಡಕ್ಕೆ ತಿರುಗಿ, ಸುತ್ತು ಹೊಡೆದು, ಹಿಂದಕ್ಕೂ ಬರಬಹುದು. ನಿಮ್ಮ ವಾಸನೆಯೂ ಅದೇ ದಾರಿ ಹಿಡಿಯುತ್ತದೆ. ಹತ್ತು ನಿಮಿಷಕ್ಕೊಂದು ಎಳೆ ಸಾಕು. ಟಾಲ್ಕಂ ಪೌಡರ್ ಬಳಸುವವರನ್ನೂ ಕಂಡಿದ್ದೇವೆ. ಗಾಳಿ ನೋಡಲು ಹೋಗಿ ಗಾಳಿಗೆ ಗುಲಾಬಿ ಹಾಕಿದ ಹಾಗೆ.

ಇನ್ನೊಂದು ಮಾತು. ಈ ಮೀಸಲು ಪ್ರದೇಶ ಇರುವುದೇ 798 ಎಕರೆ. ಒಂದು ಹಿಂಡನ್ನು ಎರಡು ಸಲ ಎಬ್ಬಿಸಿದರೆ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ, ಪಕ್ಕದ ಹೊಲಕ್ಕೇ ನುಗ್ಗುತ್ತದೆ. ಹತ್ತಿರ ಹೋಗುವುದಕ್ಕಿಂತ ಗಾಳಿ ನೋಡಿ ಒಂದು ಕಡೆ ಕೂತು, ಅವು ಮೇಯುತ್ತ ಬರುವುದನ್ನು ಕಾಯುವುದು ಎಷ್ಟೋ ಮೇಲು. ಸಿಬ್ಬಂದಿ ತೋರಿಸಿದ ದಾರಿ ಬಿಡಬೇಡಿ. ವಾಹನದಲ್ಲೇ ಕೂತಿರಲು ಅವಕಾಶವಿದ್ದರೆ ಇಳಿಯಬೇಡಿ, ಕಾರಿಗಿಂತ ನಡೆಯುವ ಮನುಷ್ಯನ ಆಕಾರಕ್ಕೇ ಅವು ಹೆಚ್ಚು ಬೆದರುತ್ತವೆ.

ಪ್ರಶ್ನೆ: ಬಟ್ಟೆ ಮತ್ತು ಮೈ ವಾಸನೆ ಬರದ ಹಾಗೆ ಮಾಡಲು ಅಂಗಡಿಯ ದುಬಾರಿ ಸಾಮಾನು ಇಲ್ಲದೆ ಮನೆಯಲ್ಲೇ ಏನು ಮಾಡಬಹುದು? ಅಳತೆ ಸಮೇತ ತಿಳಿಸಿ.
– ತುಮಕೂರಿನಿಂದ

ಬೆವರಿಗೆ ತನ್ನದೇ ವಾಸನೆ ಬಲು ಕಡಿಮೆ. ಕಂಕುಳು, ತೊಡೆಸಂದು, ಕಾಲ್ಬೆರಳ ಸಂದಿಯ ಬ್ಯಾಕ್ಟೀರಿಯಾಗಳು ಬೆವರನ್ನು ತಿಂದು ಮಾಡುವ ಹುಳಿ ಆಮ್ಲಗಳದ್ದು ಆ ನಾತ. ಹಾಗಾಗಿ ಕೆಲಸ ಎರಡು: ಬ್ಯಾಕ್ಟೀರಿಯಾ ಕಡಿಮೆ ಮಾಡುವುದು, ಉಳಿದ ಆಮ್ಲವನ್ನು ಕ್ಷಾರದಿಂದ ಕೊಲ್ಲುವುದು.

ಬಟ್ಟೆ: ಹತ್ತು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಅಡುಗೆ ಸೋಡ ಕದಡಿ ಅರ್ಧ ಗಂಟೆ ನೆನೆಸಿ. ಕಿರಾಣಿ ಅಂಗಡಿಯಲ್ಲಿ ಬರೀ ‘ಸೋಡ’ ಅಂದರೆ ಕೆಲವರು ವಾಷಿಂಗ್ ಸೋಡ ಕೊಡುತ್ತಾರೆ, ಅದರಲ್ಲಿ ಕ್ಷಾರ ಜಾಸ್ತಿ, ಬಣ್ಣ ಬಿಡಿಸುತ್ತದೆ. ಉಣ್ಣೆ ಬಟ್ಟೆಗೆ ಎರಡೂ ಬೇಡ. ಹಿಂದಿನ ರಾತ್ರಿಯೇ ಹತ್ತು ಹನ್ನೆರಡು ಅಂಟುವಾಳ ಕಾಯಿ ಒಡೆದು, ಬೀಜ ತೆಗೆದು, ಒಂದು ಲೀಟರ್ ನೀರಿನಲ್ಲಿ ನೆನೆಹಾಕಿರಿ. ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿ ಸೋಸಿದರೆ ನಾಲ್ಕೈದು ಬಟ್ಟೆಗೆ ಆಗುವಷ್ಟು ನೊರೆನೀರು. ಇದರಲ್ಲಿ ಉಜ್ಜಿ, ನೊರೆ ಪೂರ್ತಿ ಹೋಗುವ ತನಕ ಮೂರು ನೀರು ಹಾಕಿ. ಸೋಪಿನ ಪುಡಿ ಯಾಕೆ ಬೇಡ ಅಂದರೆ ಪರಿಮಳ ಒಂದೇ ಕಾರಣವಲ್ಲ. ಬಿಳುಪು ಹೊಳೆಯಲಿ ಅಂತ ಅದರಲ್ಲಿ ಹಾಕುವ ರಾಸಾಯನಿಕ ಬಿಸಿಲಿನ ಅತಿನೇರಳೆಯನ್ನು ನೀಲಿ ಬೆಳಕಾಗಿ ತಿರುಗಿಸಿ ಹೊರಬಿಡುತ್ತದೆ. ಜಿಂಕೆ ಜಾತಿಗಳ ಕಣ್ಣಿಗೆ ಕೆಂಪು ಮಂಕು, ನೀಲಿ ಚುರುಕು. ಖಾಕಿ ಅಂಗಿ ಹಾಕಿಕೊಂಡು ಮುಂಜಾನೆಯ ಬೆಳಕಲ್ಲಿ ನೀವು ಮಿಣಮಿಣ ಅನ್ನುತ್ತಿರುತ್ತೀರಿ.

ಹತ್ತಿ ಬಟ್ಟೆಯೇ ಆಗಲಿ. ಪಾಲಿಯೆಸ್ಟರ್ ಬೇಗ ಒಣಗುತ್ತದೆ ನಿಜ, ಆದರೆ ಮೈಯ ಜಿಡ್ಡನ್ನು ಹಿಡಿದಿಟ್ಟುಕೊಂಡು ಒಗೆದ ಮೇಲೂ ಬಿಡುವುದಿಲ್ಲ. ಹಳೆ ಟ್ರ್ಯಾಕ್ ಪ್ಯಾಂಟ್ ಒಗೆದು ಒಣಗಿಸಿ, ಇಸ್ತ್ರಿ ಬಿಸಿ ತಾಗಿಸಿ ಮೂಸಿ ನೋಡಿದರೆ ಗೊತ್ತಾಗುತ್ತದೆ.

ಒಣಗಿಸುವುದು ಬಿಸಿಲಲ್ಲಿ. ಅಡುಗೆಮನೆ ಕಿಟಕಿ, ಕೊಟ್ಟಿಗೆ, ಬೈಕ್ ನಿಲ್ಲಿಸುವ ಜಾಗದಿಂದ ದೂರ. ನುಸಿಗುಳಿಗೆ ಇಟ್ಟ ಬೀರುವಿಗೆ ಮಾತ್ರ ಹಾಕಬೇಡಿ. ತೊಳೆದು ಒಣಗಿಸಿದ ಸ್ಟೀಲ್ ಡಬ್ಬ ಇದ್ದರೆ ಅದರಲ್ಲಿಡಿ. ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲಿ: ಇಷ್ಟೆಲ್ಲ ಮಾಡಿದ ಬಟ್ಟೆಯನ್ನು ಮನೆಯಲ್ಲೇ ಹಾಕಿಕೊಂಡು, ಒಗ್ಗರಣೆ ಹೊಗೆಯಲ್ಲಿ ನಿಂತು ಉಪ್ಪಿಟ್ಟು ತಿಂದು, ದಾರಿಯಲ್ಲಿ ಪೆಟ್ರೋಲ್ ಹಾಕಿಸಿ ಹೋಗುತ್ತಾರೆ. ಪೆಟ್ರೋಲ್ ಹಿಂದಿನ ದಿನವೇ ಹಾಕಿಸಿ. ಬಟ್ಟೆ ಬದಲಾಯಿಸುವುದು ಜಾಗ ತಲುಪಿದ ಮೇಲೆ.

ಮೈಗೆ: ಕಡಲೆಹಿಟ್ಟು ಮೂರು ನಾಲ್ಕು ಚಮಚ, ಬೆಚ್ಚಗಿನ ನೀರು. ಕಂಕುಳಿಗೆ ಕ್ಷೌರದಂಗಡಿಯ ಪಟಕದ ಕಲ್ಲನ್ನು ನೆನೆಸಿ ಉಜ್ಜಿ, ಒಣಗಲು ಬಿಡಿ, ಅದು ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಬೇಡ. ಬೂಟಿಗೆ, ರಾತ್ರಿ ಒಂದೊಂದರೊಳಗೂ ಒಂದು ಚಮಚ ಸೋಡ ಉದುರಿಸಿ ಬೆಳಿಗ್ಗೆ ಕೊಡವಿ. ಚರ್ಮಕ್ಕಿಂತ ರಬ್ಬರ್ ಬೂಟು ವಾಸನೆ ಹೀರುವುದು ಕಡಿಮೆ. ಹೊಸದಾದರೆ ವಾರವೆರಡು ಹೊರಗೆ ಗಾಳಿಗಿಡಿ.

ಯಾರೂ ಒಗೆಯದ ಎರಡು ಸಾಮಾನಿವೆ: ಟೋಪಿ ಮತ್ತು ಕ್ಯಾಮೆರಾ ಪಟ್ಟಿ. ಪಟ್ಟಿಯ ಒಳಮೈ ನೋಡಿ, ಕತ್ತಿನ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಕೂತಿರುತ್ತದೆ. ಬಿಚ್ಚಿ, ಅದೇ ಸೋಡ ನೀರಿನಲ್ಲಿ ಅದ್ದಿ.

ಇಷ್ಟು ಮಾಡಿದರೂ ವಾಸನೆ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ. ಚರ್ಮದ ಪದರ ಕ್ಷಣಕ್ಷಣಕ್ಕೂ ಉದುರುತ್ತಿರುತ್ತದೆ, ಉಸಿರು ನಿಲ್ಲಿಸಲು ಆಗುವುದಿಲ್ಲ. ಸ್ನಾನದ ಲಾಭ ಏನೆಂದರೆ ಗಾಳಿಯ ಒಂದು ಸಣ್ಣ ತಪ್ಪನ್ನು ಪ್ರಾಣಿ ಕ್ಷಮಿಸಬಹುದು. ಗಾಳಿ ಪೂರ್ತಿ ಬೆನ್ನಿಗಿದ್ದರೆ ಅಂಟುವಾಳದ ಮರವನ್ನೇ ಅರೆದು ಹಚ್ಚಿಕೊಂಡರೂ ಪ್ರಯೋಜನವಿಲ್ಲ.

ಪ್ರಶ್ನೆ: ಕುರಿ ಕಾಯುವವರು ಕಂಬಳಿ ಹೊದ್ದು, ಬೀಡಿ ಸೇದುತ್ತ ಹತ್ತಿರದಲ್ಲೇ ಕೂತಿರುತ್ತಾರೆ. ಜಿಂಕೆ ಸುಮ್ಮನೆ ಮೇಯುತ್ತಿರುತ್ತವೆ. ಅವರ ವಾಸನೆ ನನ್ನ ವಾಸನೆಗಿಂತ ಹತ್ತು ಪಾಲು ಇರಬಹುದು! ಹಾಗಾದರೆ ಈ ವಾಸನೆಯ ಮಾತೆಲ್ಲ ಸುಳ್ಳಲ್ಲವೇ?
– ಕೊರಟಗೆರೆಯಿಂದ

ಈ ತಿಂಗಳ ಅತ್ಯುತ್ತಮ ಪ್ರಶ್ನೆ ಇದೇ.

ಮನುಷ್ಯನ ವಾಸನೆ ತನ್ನಷ್ಟಕ್ಕೆ ತಾನೇ ಭಯವಲ್ಲ, ಅದೊಂದು ಸುದ್ದಿ. ಆ ಸುದ್ದಿಯ ಅರ್ಥ ಪ್ರಾಣಿಯ ಅನುಭವದ ಮೇಲೆ ನಿಂತಿದೆ. ಕುರಿಗಾಹಿ ದಿನಾ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಕುರಿಗಳ ಗಂಟೆ ಸದ್ದಿನ ಜೊತೆ ಬರುತ್ತಾನೆ. ಕೃಷ್ಣಮೃಗದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಆ ವಾಸನೆ, ಆ ಆಕಾರ, ಆ ಸದ್ದು ಮೂರೂ ಒಂದಕ್ಕೊಂದು ತಾಳೆಯಾಗುತ್ತವೆ. ನೀವು ಬಗ್ಗಿ ಬಗ್ಗಿ, ನಿಂತು ನಿಂತು, ಅವುಗಳನ್ನೇ ದಿಟ್ಟಿಸುತ್ತ ಬರುತ್ತೀರಿ. ಅದು ನರಿ, ನಾಯಿ ಹೊಂಚು ಹಾಕುವ ನಡಿಗೆ. ಅದರ ಮೇಲೆ ಪರಿಚಯವಿಲ್ಲದ ವಾಸನೆಯೂ ಸೇರಿದರೆ ಕೇಳಬೇಕೆ?

ಇದರಿಂದ ಎರಡು ಉಪಯೋಗ. ಒಂದು, ನೇರ ಅವುಗಳ ಕಡೆ ನಡೆಯಬೇಡಿ, ಓರೆಯಾಗಿ ಹಾದುಹೋಗುವವರಂತೆ ನಡೆದು ಒಂದು ಕಡೆ ಕುಳಿತುಬಿಡಿ. ಎರಡು, ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ನಾಲ್ಕೈದು ಸಲ ಹೋಗಿ. ಕುರಿ ಹಿಕ್ಕೆ ಮೆತ್ತಿಕೊಳ್ಳಲೇ, ಕಂಬಳಿ ಹೊದೆಯಲೇ ಅಂತ ಇನ್ನೂ ಇಬ್ಬರು ಕೇಳಿದ್ದಾರೆ. ಬೇಡ. ಒಂದು ವಾಸನೆಯ ಮೇಲೆ ಇನ್ನೊಂದು ಹಾಕಿದರೆ ಮೊದಲನೆಯದು ಮುಚ್ಚಿಹೋಗುತ್ತದೆ ಅನ್ನುವುದು ನಮ್ಮ ಮೂಗಿನ ಲೆಕ್ಕ. ಹುಳಿಯಲ್ಲಿ ಇಂಗು ಎಷ್ಟು, ಬೆಳ್ಳುಳ್ಳಿ ಎಷ್ಟು ಅಂತ ನಾವೇ ಬೇರ್ಪಡಿಸಿ ಹೇಳುತ್ತೇವೆ. ಗಂಡು ಕೃಷ್ಣಮೃಗ ಕಣ್ಣಿನ ಕೆಳಗಿನ ಗ್ರಂಥಿಯ ಜಿಡ್ಡನ್ನು ಕಡ್ಡಿಗೆ ಸವರಿ, ಒಂದೇ ಜಾಗದಲ್ಲಿ ಹಿಕ್ಕೆ ಗುಡ್ಡೆ ಹಾಕಿ, ಇದು ನನ್ನ ಜಾಗ ಅಂತ ಬರೆದಿಡುತ್ತದೆ. ಇತರ ಗಂಡುಗಳು ಮೂಸಿ ಓದುತ್ತವೆ. ಅಂಥ ಮೂಗಿಗೆ ಮನುಷ್ಯ ಮತ್ತು ಕುರಿ ಹಿಕ್ಕೆ ಅಂದರೆ ಎರಡು ವಾಸನೆ, ಅಷ್ಟೆ. ನೀಲಗಿರಿ ಸೊಪ್ಪು ಉಜ್ಜಿಕೊಳ್ಳುವುದೂ ಅದೇ ಕಥೆ.

ಪ್ರಶ್ನೆ: ಅಮೆರಿಕದವರ ಬೇಟೆ ವಿಡಿಯೊಗಳಲ್ಲಿ ವಾಸನೆ ಕೊಲ್ಲುವ ಸ್ಪ್ರೇ, ಇದ್ದಿಲಿನ ಜಾಕೆಟ್, ಓಜೋನ್ ಯಂತ್ರ ತೋರಿಸುತ್ತಾರೆ. ಆನ್‌ಲೈನ್‌ನಲ್ಲಿ ತರಿಸಬಹುದೇ? ಹಾಗೆಯೇ ಹೊಲಕ್ಕೆ ಬರುವ ಜಿಂಕೆಯನ್ನು ಹೊಡೆದರೆ ತಪ್ಪೇನು?
– ಶಿರಾದಿಂದ

ಎರಡನೆಯದಕ್ಕೆ ಮೊದಲು. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಲ್ಲಿ ಕೃಷ್ಣಮೃಗ ಒಂದನೇ ಅನುಸೂಚಿಯ ಪ್ರಾಣಿ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಚುಕ್ಕೆ ಜಿಂಕೆ ಹೊಡೆಯುವುದೂ ಅಪರಾಧವೇ. ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು, ಈ ಪ್ರಯತ್ನ ಮಾಡುವುದೂ ಕಾಯ್ದೆಯ ಪ್ರಕಾರ ಬೇಟೆ.

ಆ ವಿಡಿಯೊಗಳಲ್ಲಿರುವುದು ಬಿಳಿಬಾಲದ ಜಿಂಕೆ. ಅಲ್ಲಿ ಪರವಾನಗಿ ಪಡೆದು, ನಿಗದಿಯಾದ ಕಾಲದಲ್ಲಿ ಹೊಡೆಯುತ್ತಾರೆ. ಕಾಡಂಚಿನಲ್ಲಿ, ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ, ಇಪ್ಪತ್ತು ಮೂವತ್ತು ಮೀಟರ್‌ನಲ್ಲಿ ಬಿಲ್ಲು ಹಿಡಿದು ಗಂಟೆಗಟ್ಟಲೆ ಕೂರುವವರಿಗೆ ಬೇಕಾದ ಸರಂಜಾಮು ಅದು. ಇದ್ದಿಲಿನ ಬಟ್ಟೆ ವಾಸನೆಯ ಕಣಗಳನ್ನು ಹಿಡಿಯುವುದು ನಿಜ. ಆದರೆ ಇದ್ದಿಲಿನ ರಂಧ್ರಗಳು ತುಂಬಿದ ಮೇಲೆ ಮುಗಿಯಿತು. ಪೂರ್ತಿ ಖಾಲಿ ಮಾಡಲು ನೂರಾರು ಡಿಗ್ರಿ ಶಾಖ ಬೇಕು, ಅಷ್ಟಕ್ಕೆ ಬಟ್ಟೆ ಉಳಿಯುವುದಿಲ್ಲ. ಕತ್ತು, ಮುಖ, ಉಸಿರು ಹೇಗೂ ಹೊರಗೇ ಇರುತ್ತವೆ. ಸ್ಪ್ರೇಗಳಲ್ಲಿ ಹಲವು ನಮ್ಮ ಅಡುಗೆ ಸೋಡದ ಅಣ್ಣತಮ್ಮಂದಿರು. ಓಜೋನ್ ಯಂತ್ರ ಮಾತ್ರ ಬೇಡವೇ ಬೇಡ. ವಾಸನೆಯನ್ನು ಸುಡುವ ಅನಿಲ ಶ್ವಾಸಕೋಶವನ್ನೂ ಬಿಡುವುದಿಲ್ಲ, ರಬ್ಬರ್ ಮತ್ತು ಎಲಾಸ್ಟಿಕ್ ಬಿರುಕು ಬಿಡುತ್ತವೆ. ಆ ದುಡ್ಡಿಗೆ ಒಂದು ಒಳ್ಳೆ ದುರ್ಬೀನು ತೆಗೆದುಕೊಳ್ಳಿ, ದೂರದಿಂದಲೇ ಕೆಲಸವಾಗುತ್ತದೆ.

ಪ್ರಶ್ನೆ: ಹಿಂದಿನ ರಾತ್ರಿ ಏನು ತಿನ್ನಬಾರದು? ಸೊಳ್ಳೆ ಮುಲಾಮು ಹಚ್ಚಬಹುದೇ?
– ಗೌರಿಬಿದನೂರಿನಿಂದ

ಬೆಳ್ಳುಳ್ಳಿ ಬಿಡಿ. ಅದರ ಗಂಧಕದ ಅಂಶ ರಕ್ತಕ್ಕೆ ಸೇರಿ, ಶ್ವಾಸಕೋಶದಿಂದ ಹಲವು ಗಂಟೆ ಹೊರಬರುತ್ತಲೇ ಇರುತ್ತದೆ, ಹಲ್ಲುಜ್ಜಿದರೆ ಹೋಗುವುದಲ್ಲ. ಮೆಂತ್ಯ ಬೆವರಲ್ಲಿ ಬರುತ್ತದೆ. ಮದ್ಯ, ಬೀಡಿ, ಗುಟ್ಕಾ ಹೇಳುವುದೇ ಬೇಡ. ಪೆಪ್ಪರ್‌ಮಿಂಟ್ ಚೀಪಿದರೆ ಉಸಿರಿನ ಜೊತೆ ಪೆಪ್ಪರ್‌ಮಿಂಟೂ ಸೇರುತ್ತದೆ. ಮುದ್ದೆ, ಸಪ್ಪೆ ಸಾರು, ಮಜ್ಜಿಗೆ ಸಾಕು.

ಸೊಳ್ಳೆ ಮುಲಾಮಿಗೆ ಘಾಟಿದೆ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ತೂರಿಸಿದ ಪ್ಯಾಂಟು, ಮುಖಕ್ಕೆ ಬಲೆ. ಹುಲ್ಲಿನಲ್ಲಿ ಉಣ್ಣೆ ಹುಳ ಹತ್ತುವುದಕ್ಕೂ ಇದೇ ತಡೆ. ಆದರೆ ಜ್ವರದ ಕಾಲದಲ್ಲಿ, ಮಕ್ಕಳ ಜೊತೆ ಹೋಗುವಾಗ ಮುಲಾಮು ಹಚ್ಚಿಯೇ ಹಚ್ಚಿ. ಫೋಟೊ ಇನ್ನೊಂದು ದಿನಕ್ಕೆ ಆದೀತು.

ಪ್ರಶ್ನೆ: ದೇವರಾಯನದುರ್ಗದ ಕಡೆ ಗಾಳಿಯನ್ನು ನಂಬುವ ಹಾಗೇ ಇಲ್ಲ. ಮುಖಕ್ಕೆ ಬೀಸುತ್ತಿದ್ದದ್ದು ಗಳಿಗೆಯಲ್ಲೇ ಬೆನ್ನಿಗೆ ಬರುತ್ತದೆ. ಯಾಕೆ?
– ತುಮಕೂರು ಗ್ರಾಮಾಂತರದಿಂದ

ಬೆಟ್ಟದಲ್ಲಿ ಗಾಳಿಯ ಮೇಲೆ ಇನ್ನೊಂದು ಗಾಳಿ ಇರುತ್ತದೆ. ರಾತ್ರಿ ಬಂಡೆ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿ ಭಾರವಾಗಿ, ನೀರು ಹರಿದ ಹಾಗೆ ಹಳ್ಳ ಹಿಡಿದು ಕೆಳಗಿಳಿಯುತ್ತದೆ. ಬಿಸಿಲೇರಿ ಬಂಡೆ ಕಾದ ಮೇಲೆ ಅದೇ ಗಾಳಿ ಇಳಿಜಾರು ಹತ್ತುತ್ತದೆ. ಸಂಜೆ ಮತ್ತೆ ಇಳಿಕೆ. ಈ ಎರಡರ ನಡುವೆ, ಬಿಸಿಲು ಬಂಡೆಗೆ ತಾಗಿದ ಮೊದಲ ಹೊತ್ತಿನಲ್ಲಿ, ಗಾಳಿಗೆ ಯಾವ ದಿಕ್ಕೂ ಇರುವುದಿಲ್ಲ. ನೀವು ಹೇಳುವ ಗಳಿಗೆ ಅದೇ ಇರಬೇಕು. ಪೂರ್ವದ ಇಳಿಜಾರು ಮೊದಲು ಕಾಯುತ್ತದೆ, ಪಶ್ಚಿಮದ್ದು ತಡ. ಹಾಗಾಗಿ ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಒಂದೇ ಹೊತ್ತಿಗೆ ಗಾಳಿ ಏರುತ್ತಲೂ ಇಳಿಯುತ್ತಲೂ ಇರಬಹುದು. ಮುಂಜಾನೆ ತಣ್ಣನೆಯ ಗಾಳಿ ತಗ್ಗಿನಲ್ಲಿ ಮಡುಗಟ್ಟಿದರೆ ವಾಸನೆಯೂ ಅಲ್ಲೇ ಮಡುಗಟ್ಟುತ್ತದೆ, ಹಳ್ಳದ ಬಾಯಲ್ಲಿ ಕೂರಬೇಡಿ.

ಗಾಳಿಯನ್ನು ಓದಲು ಅಭ್ಯಾಸ ಬೇಕಿದ್ದರೆ ಮನೆಯಂಗಳದಲ್ಲಿ ಸಂಜೆ ಆರಕ್ಕೆ ಒಂದು ಊದುಬತ್ತಿ ಹಚ್ಚಿ, ಗೋಡೆ ಮೂಲೆಯಲ್ಲಿ, ಮರದ ಹಿಂದೆ, ತೆರೆದ ಜಾಗದಲ್ಲಿ ಹಿಡಿದು ಹೊಗೆ ನೋಡಿ. ಕಾಡಿನಲ್ಲಿ ಖಂಡಿತ ಬೇಡ, ಬೆಂಕಿ ಅಪರಾಧ.

ಆದರೆ ಒಂದು ಎಚ್ಚರಿಕೆ, ಇದು ಮೇಲಿನದಕ್ಕೆಲ್ಲ ವಿರುದ್ಧ. ಆ ಬೆಟ್ಟಸಾಲಿನಲ್ಲಿ ಕರಡಿ ಇದೆ. ಕರಡಿಯ ಕಣ್ಣು ಮಂದ. ಬಂಡೆ ತಿರುವಿನಲ್ಲಿ ಹಠಾತ್ತಾಗಿ ಎದುರಾದ ಮನುಷ್ಯನ ಮೇಲೆ ಅದು ಬೆದರಿಯೇ ಬೀಳುತ್ತದೆ. ವಾಸನೆ ಅಡಗಿಸಿ, ಸದ್ದಿಲ್ಲದೆ, ಗಾಳಿಗೆ ಎದುರಾಗಿ ನಡೆದರೆ ಕರಡಿಗೆ ನಿಮ್ಮ ಸುಳಿವು ಸಿಗುವುದು ಐದು ಮೀಟರ್‌ನಲ್ಲಿ. ಅಲ್ಲಿ ಮಾತಾಡಿಕೊಂಡೇ ನಡೆಯಿರಿ, ಒಬ್ಬರೇ ಹೋಗಬೇಡಿ, ಮುಂಜಾವು ಮುಸ್ಸಂಜೆ ಬೇಡ.

ಪ್ರಶ್ನೆ: ನಮಗೆ ಬೇಕಾಗಿರುವುದು ತದ್ವಿರುದ್ಧ. ಕಡಲೆಕಾಯಿ ಹೊಲಕ್ಕೆ ಜಿಂಕೆ, ಹಂದಿ ಎರಡೂ ನುಗ್ಗುತ್ತವೆ. ಕ್ಷೌರದಂಗಡಿಯಿಂದ ಎರಡು ಚೀಲ ಕೂದಲು ತಂದು ಬದುವಿಗೆ ಹಾಕಿದೆವು. ಒಂದು ವಾರ ಚೆನ್ನಾಗಿತ್ತು, ಆಮೇಲೆ ಕೂದಲ ಮೇಲೇ ನಡೆದು ಬಂದವು.
– ಪಾವಗಡದ ರೈತರು

ಕೂದಲು ಹಂದಿಗೆ ಸ್ವಲ್ಪ ಕೆಲಸ ಮಾಡುತ್ತದೆ. ಅದು ನೆಲ ಮೂಸುತ್ತಲೇ ಬರುವ ಪ್ರಾಣಿ, ಎಳೆಗಳು ಮೂಗಿಗೆ ಹೋಗಿ ಕಿರಿಕಿರಿ. ತಲೆಯೆತ್ತಿ ನಡೆಯುವ ಜಿಂಕೆಗೆ ಆ ಕಾಟವಿಲ್ಲ, ಇರುವುದು ವಾಸನೆ ಮಾತ್ರ. ಕೂದಲಿನ ಎಣ್ಣೆ ವಾಸನೆ ಪಾವಗಡದ ಬಿಸಿಲಿಗೆ ಎಷ್ಟು ದಿನ ನಿಂತೀತು? ನಿಂತರೂ, ಮನುಷ್ಯನ ವಾಸನೆ ಇದೆ ಮನುಷ್ಯನಿಲ್ಲ ಅಂತ ಅವಕ್ಕೆ ಗೊತ್ತಾಗಲು ಒಂದು ವಾರ ಸಾಕು. ಕೊರಟಗೆರೆಯವರ ಕುರಿಗಾಹಿ ಪ್ರಶ್ನೆಗೆ ಕೊಟ್ಟ ಉತ್ತರವೇ ಇಲ್ಲಿಗೂ.

ಕೊಳೆತ ಮೊಟ್ಟೆ ಇದಕ್ಕಿಂತ ಗಟ್ಟಿ. ಒಂದು ಪಾಲು ಮೊಟ್ಟೆ, ನಾಲ್ಕು ಪಾಲು ನೀರು. ಹತ್ತು ಲೀಟರ್ ದ್ರಾವಣಕ್ಕೆ ಸುಮಾರು ನಲವತ್ತು ಮೊಟ್ಟೆ. ಕೋಳಿ ಫಾರಂನಲ್ಲಿ ಒಡಕು ಮೊಟ್ಟೆ ಅಗ್ಗಕ್ಕೆ ಕೇಳಿ. ಚೆನ್ನಾಗಿ ಕಡೆದು ತೆಳು ಬಟ್ಟೆಯಲ್ಲಿ ಸೋಸಲೇಬೇಕು, ಲೋಳೆಯ ಬಿಳಿ ಎಳೆ ಉಳಿದರೆ ಸ್ಪ್ರೇಯರ್ ನಾಜಲ್ ಕಟ್ಟಿಕೊಳ್ಳುತ್ತದೆ. ಒಂದು ದಿನ ಮುಚ್ಚಿಟ್ಟರೆ ವಾಸನೆ ಏರುತ್ತದೆ. ಬೆಳೆಯ ಮೇಲೆ ಹೊಡೆಯಬೇಡಿ, ಕಡಲೆಕಾಯಿ ಸೊಪ್ಪನ್ನು ದನಕ್ಕೆ ಹಾಕುತ್ತೀರಲ್ಲವೇ. ಹಳೆ ಗೋಣಿ ತುಂಡು ಅದ್ದಿ, ಹತ್ತು ಹೆಜ್ಜೆಗೊಂದರಂತೆ ಗೂಟಕ್ಕೆ ಸೊಂಟದೆತ್ತರದಲ್ಲಿ ಕಟ್ಟಿ. ಕೆಳಗೆ ಕಟ್ಟಿದರೆ ನಾಯಿಗಳು ಎಳೆದಾಡುತ್ತವೆ. ಜೋರು ಮಳೆ ಬಂದರೆ ಮತ್ತೆ ಅದ್ದಿ, ಇಲ್ಲವಾದರೆ ತಿಂಗಳಿಗೊಮ್ಮೆ.

ಇಲ್ಲೂ ಗಾಳಿ ಮರೆತು ಕೆಡುತ್ತಾರೆ. ಕಡಲೆಕಾಯಿ ಹೊಲದಲ್ಲಿರುವ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮದಿಂದ. ಪೂರ್ವದಿಂದ ಬರುವ ಹಿಂಡಿಗೆ ನಿಮ್ಮ ಮೊಟ್ಟೆ ದೂರದಲ್ಲೇ ಬಡಿಯುತ್ತದೆ. ಪಶ್ಚಿಮದಿಂದ ಬರುವುದಕ್ಕೆ ಬದು ಮುಟ್ಟುವ ತನಕ ಏನೂ ಸಿಗುವುದಿಲ್ಲ. ಆ ಬದುವಿನಾಚೆ ಹದಿನೈದಿಪ್ಪತ್ತು ಹೆಜ್ಜೆ ದೂರ, ಪಕ್ಕದವರು ಒಪ್ಪಿದರೆ, ಇನ್ನೊಂದು ಸಾಲು ಕಟ್ಟಿ. ಅದೇ ಬದುವಿಗೆ ಹಳೆ ಸೀರೆಯ ಬೇಲಿಯನ್ನೂ ಕಟ್ಟಿ, ಕೃಷ್ಣಮೃಗಕ್ಕೆ ಕಣ್ಣಿನ ತಡೆ ಮೂಗಿನ ತಡೆಗಿಂತ ಹೆಚ್ಚು. ಸೀರೆಯ ಜಾಗ, ಬಣ್ಣ ವಾರಕ್ಕೊಮ್ಮೆ ಬದಲಾಗಲಿ. ಹಾನಿಯಾದರೆ ಆ ದಿನವೇ ಫೋಟೊ ತೆಗೆದು, ಪಹಣಿ ಸಮೇತ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ತಡಮಾಡಿದರೆ ಹೆಜ್ಜೆ ಗುರುತು ಅಳಿಸಿರುತ್ತದೆ.

ಪ್ರಶ್ನೆ: ನಮ್ಮ ತೋಟದಲ್ಲಿ ರಾತ್ರಿ ಏನೇನು ಓಡಾಡುತ್ತವೆ ಅಂತ ನೋಡಲು ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ ಕಟ್ಟಿದ್ದೇನೆ. ಹತ್ತಿರ ಬರಲೆಂದು ಉಪ್ಪಿನ ಗಡ್ಡೆ ಇಡಲೇ?
– ಗುಬ್ಬಿಯಿಂದ

ಉಪ್ಪು ಇಡಬೇಡಿ, ಆಮಿಷದ ಬಗ್ಗೆ ಶಿರಾದವರಿಗೆ ಬರೆದದ್ದು ಓದಿ. ಕಾಲುದಾರಿ ಇದ್ದಲ್ಲಿ ಕಟ್ಟಿದರೆ ಆಮಿಷ ಬೇಕಾಗಿಯೂ ಇಲ್ಲ.

ಕ್ಯಾಮೆರಾವನ್ನು ಹಿಂದಿನ ದಿನ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ರಾತ್ರಿ ಹೊರಗಿಡಿ. ಕಟ್ಟುವಾಗ ತೊಳೆದ ರಬ್ಬರ್ ಕೈಗವಸು ಹಾಕಿ. ಮೊಣಕಾಲೆತ್ತರ, ದಾರಿಯಿಂದ ಮೂರು ಮೀಟರ್, ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಪೂರ್ವ ಪಶ್ಚಿಮಕ್ಕೆ ಇಟ್ಟರೆ ಏರುವ ಇಳಿಯುವ ಬಿಸಿಲಿಗೆ ಖಾಲಿ ಫೋಟೊ ತುಂಬುತ್ತವೆ. ಮುಂದಿನ ಹುಲ್ಲನ್ನು ಕುಯ್ಯಿರಿ, ಆದರೆ ಕುಯ್ದ ಹಸಿ ಹುಲ್ಲಿನ ವಾಸನೆ ಒಂದೆರಡು ದಿನ ಇರುತ್ತದೆ, ಮೊದಲ ರಾತ್ರಿ ಏನೂ ಬರಲಿಲ್ಲ ಅಂತ ಜಾಗ ಬದಲಾಯಿಸಬೇಡಿ. ಅತಿ ದೊಡ್ಡ ತಪ್ಪು ಆತುರ: ದಿನಾ ಕಾರ್ಡ್ ತೆಗೆಯಲು ಹೋಗಿ ದಿನಾ ಹೊಸ ವಾಸನೆ ಬಿಟ್ಟು ಬರುವುದು. ಹತ್ತು ಹನ್ನೆರಡು ದಿನಕ್ಕೊಮ್ಮೆ, ಮಧ್ಯಾಹ್ನ, ಪ್ರಾಣಿಯ ದಾರಿ ತುಳಿಯದೆ ಹಿಂದಿನಿಂದ ಹೋಗಿ. ಇದು ನಿಮ್ಮ ಜಮೀನಿಗೆ ಮಾತ್ರ. ಅರಣ್ಯದಲ್ಲಿ ಕಟ್ಟಲು ಇಲಾಖೆಯ ಅನುಮತಿ ಬೇಕು.

ಪ್ರಶ್ನೆ: ಹುಲ್ಲಿನಲ್ಲಿ 1 ಮರಿ ಒಂಟಿಯಾಗಿ ಮಲಗಿತ್ತು. ಮನುಷ್ಯರ ಕೈ ವಾಸನೆ ತಾಗಿದರೆ ತಾಯಿ ಸೇರಿಸುವುದಿಲ್ಲ ಎಂದು ಎಲ್ಲರೂ ಹೆದರಿಸಿದರು. ನಿಜವೇ?
– ಮಿಡಿಗೇಶಿಯಿಂದ

ಒಮ್ಮೆ ಮುಟ್ಟಿದ ಮಾತ್ರಕ್ಕೆ ಬಿಟ್ಟುಹೋಗುತ್ತದೆ ಅನ್ನುವುದು ಅತಿಯಾಯಿತು. ಆದರೂ ಮುಟ್ಟಬೇಡಿ. ಮೊದಲ ದಿನಗಳಲ್ಲಿ ಕೃಷ್ಣಮೃಗದ ಮರಿ ಅಲ್ಲಾಡದೆ ಹುಲ್ಲಲ್ಲಿ ಅಡಗಿರುವುದೇ ಅದರ ಬದುಕು. ತಾಯಿ ದೂರದಲ್ಲಿ ಮೇಯುತ್ತ, ಹಾಲೂಡಲು ಮಾತ್ರ ಬಂದುಹೋಗುತ್ತದೆ. ಅದು ಅನಾಥವಲ್ಲ. ನಿಜವಾದ ತೊಂದರೆ ವಾಸನೆಗಿಂತ ನೀವು ಅಲ್ಲಿ ನಿಲ್ಲುವುದು. ನೀವಿರುವಷ್ಟು ಹೊತ್ತು ತಾಯಿ ಬರುವುದಿಲ್ಲ, ನಿಮ್ಮ ಹಿಂದೆ ಊರ ನಾಯಿ ಬಂದಿದ್ದರೆ ಅದಕ್ಕೆ ನೀವೇ ದಾರಿ ತೋರಿಸಿದ ಹಾಗೆ. ಬಂದ ದಾರಿಯಲ್ಲೇ ವಾಪಸ್ ಹೋಗಿ, ನಾಯಿ ಇದ್ದರೆ ಕರೆದುಕೊಂಡು ಹೋಗಿ. ಮರಿಗೆ ಗಾಯವಾಗಿದ್ದರೆ, ಅಥವಾ ಪಕ್ಕದಲ್ಲೇ ತಾಯಿ ಸತ್ತಿದ್ದರೆ ಮಾತ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅವರು ಬರುವ ತನಕ ಹಾಲು ಕುಡಿಸಲು ಹೋಗಬೇಡಿ.